ಕಿರುಬೆರಳಿನಷ್ಟು ಪೈಪು

ಅಣ್ಣನಿಗೆ ನಮಸ್ಕಾರ.

ನಿನ್ನ ಬೆನ್ನುನೋವು ಹೇಗಿದೆ? ಆ ದಪ್ಪ ಪೈಪನ್ನು ಇನ್ನೂ ನೀನೇ ಎಳೆಯುತ್ತಿದ್ದೀಯೆಂದು ಅತ್ತಿಗೆ ಹೇಳಿದಳು.

ಕಿಟಕಿ ತೊಳೆಯುವ ನಮ್ಮಿಬ್ಬರ ಕೆಲಸದಿಂದ ನನ್ನನ್ನು ತೆಗೆದ ದಿನ ಗಿರಾಕಿಗಳ ಎದುರೇ ನೀನು ಹೇಳಿದ್ದೆ: "ಪೈಪ್ ಎಳೆಯೋ ತಾಕತ್ತಿಲ್ಲ, ಮಾತು ಮಾತ್ರ ಮಾರುದ್ದ. ಮನೇಲಿರಮ್ಮಾ ತಾಯಿ!" ಅಂದಿನಿಂದ ನಾನು ಲೆಕ್ಕ ಹಾಕುತ್ತಲೇ ಇದ್ದೆ. ಭಾರ ಪೈಪಿನದಲ್ಲ, ಅದರೊಳಗೆ ತುಂಬಿದ ನೀರಿನದು. ನೆಲದಲ್ಲೇ ನಿಂತು ಗಾಜು ಉಜ್ಜುವ ಉದ್ದ ಕೋಲಿನ ತುದಿಯ ಬ್ರಶ್ಶಿಗೆ ಬೇಕಾದ ನೀರು ನಿಮಿಷಕ್ಕೆ ಎರಡೇ ಲೀಟರು. ಅಷ್ಟಕ್ಕೆ ಕಿರುಬೆರಳಿನಷ್ಟು ಪೈಪು ಧಾರಾಳ; ಪಂಪನ್ನು ಸ್ವಲ್ಪ ಏರಿಸಿದರಾಯಿತು. ಈಗ ನನ್ನದೇ ಕೆಲಸ ಶುರು ಮಾಡಿದ್ದೇನೆ; ನೂರು ಮೀಟರ್ ಪೈಪನ್ನು ಒಂದೇ ಕೈಯಲ್ಲಿ ಸುತ್ತುತ್ತೇನೆ.

ಹೋದ ವಾರ ನಿನ್ನ ಆಫೀಸಿರುವ ಕಟ್ಟಡದ ಮಾಲೀಕರು ನನ್ನ ಕೆಲಸ ನೋಡಿದರು. ನಿನ್ನ ಪೈಪು ಉರುಳಿಸಿದ ಹೂಕುಂಡಗಳ ಮಾತನ್ನು ಅವರೇ ಎತ್ತಿದರು, ನಾನು ತಡೆಯಲಿಲ್ಲ. ನೀನು ತೊಳೆಯುತ್ತಿದ್ದ ಆ ಕಟ್ಟಡದ ಕೆಲಸ ಇನ್ನು ಮುಂದೆ ನನ್ನದು.

ಒಂದೇ ವಿನಂತಿ. ಸೋಮವಾರ ಬೆಳಿಗ್ಗೆ ನಿನ್ನ ಮೇಜಿನ ಪಕ್ಕದ ಕಿಟಕಿಯಿಂದಲೇ ಶುರು ಮಾಡುತ್ತೇನೆ. ಅದರ ಚಿಲಕ ಹಾಕಿಕೊಂಡು ಕೂತಿರು, ಇಲ್ಲದಿದ್ದರೆ ಕಾಗದಗಳು ನೆನೆಯುತ್ತವೆ. ಗಾಜನ್ನು ಎರಡು ಸಲ ತೊಳೆಯುತ್ತೇನೆ. ಕೆಳಗೆ ಪೈಪು ಎಳೆಯುತ್ತಿರುವುದು ಯಾರೆಂದು ನಿನಗೆ ಚೆನ್ನಾಗಿ ಕಾಣಬೇಕು.

ಇಂತಿ,
ಮನೆಯಲ್ಲಿರದ ನಿನ್ನ ತಂಗಿ