ಎರಡು ಕಿಲೋ ಸುಳ್ಳು

ಪುಟ್ಟೀ,

ತೂಕದ ಮಷೀನು ಹುಡುಕಬೇಡ, ಅಂಗಡಿಗೆ ಒಯ್ದಿದ್ದೀನಿ. ಅಮ್ಮನ ಮೇಲೆ ರೇಗಬೇಡ, ಅವಳಿಗೇನೂ ಗೊತ್ತಿಲ್ಲ.

ಗಣಿತದಲ್ಲಿ ಮೂರು ಅಂಕ ಕಡಿಮೆ ಬಂತು ಅಂತ ಹೋದ ತಿಂಗಳು ನೀನು ರಾತ್ರಿ ಊಟ ಬಿಟ್ಟು ದಿನಾ ತೂಕ ನೋಡೋಕೆ ಶುರುಮಾಡಿದೆಯಲ್ಲ, ಆಗ ನಾನೇ ಮಷೀನಿನ ಮುಳ್ಳನ್ನು ಎರಡು ಕಿಲೋ ಹಿಂದಕ್ಕೆ ತಿರುಗಿಸಿಟ್ಟೆ. ತೂಕ ಇಳಿದಿದೆ ಅನ್ನೋ ಖುಷಿಗೆ ಎರಡು ತುತ್ತು ಜಾಸ್ತಿ ತಿಂತೀಯ ಅಂದುಕೊಂಡೆ. ಮಹಾರಾಯ್ತಿ, ನೀನು ಆ ಖುಷಿಗೆ ಬೆಳಗಿನ ತಿಂಡಿಯನ್ನೂ ಬಿಟ್ಟೆ. ಮೂವತ್ತು ವರ್ಷ ಊರವರ ತಕ್ಕಡಿಯೆಲ್ಲ ಸರಿಮಾಡಿದವನು ಮನೆಯದನ್ನು ಕೆಡಿಸಿ ಕೈಸುಟ್ಟುಕೊಂಡೆ.

ಬ್ರೆಡ್ಡು, ಮೊಟ್ಟೆ ಮುಚ್ಚಿಟ್ಟಿದ್ದೀನಿ. ಬೆಕ್ಕಿಗೆ ಹಾಕಬೇಡ. ಅದು ನಿನ್ನ ಪಾಲು ತಿಂದು ತಿಂದು ಈಗಲೇ ಕಿಟಕಿ ಸರಳಿನ ನಡುವೆ ಸಿಕ್ಕಿಹಾಕಿಕೊಳ್ತಿದೆ.

ಸ್ಕೂಲಿಂದ ಸೀದಾ ಬಾ, ನಾಲ್ಕಕ್ಕೆ ಡಾಕ್ಟರಮ್ಮನ ಹತ್ತಿರ ಹೋಗೋಣ. ಅಲ್ಲಿನ ಮಷೀನು ರಿಪೇರಿ ಮಾಡಿದ್ದೂ ನಾನೇ, ಆದರೆ ಅದು ಸರಿಯಾಗಿದೆ, ನಿನ್ನಾಣೆ. ಅದರ ಮೇಲೆ ಮುಳ್ಳಿಗೆ ಬೆನ್ನು ಹಾಕಿ ನಿಲ್ಲಬೇಕಂತೆ, ತೂಕ ಅವರು ಮಾತ್ರ ನೋಡ್ತಾರಂತೆ. ನಾನೂ ಗೋಡೆ ಕಡೆ ತಿರುಗಿ ನಿಲ್ತೀನಿ. ಮುಳ್ಳು ನೋಡದೆ ಇರೋದು ನನಗೂ ಅಭ್ಯಾಸವಿಲ್ಲ ಕಣೇ, ಕೈ ಹಿಡ್ಕೊ.

ಅಪ್ಪ