ಕೂತವರಿಗೆ ನೀನು ಕೊಟ್ಟ ಮಾತು

ಅಪ್ಪ,

ಠಾಣೆಯ ಕಾಂಪೌಂಡಿಗೆ ನಾನು ಅಂಟಿಸಿದ್ದ ಕರಪತ್ರವನ್ನು ನೀನು ಕಿತ್ತು, ಮಡಿಚಿ ಮನೆಗೆ ತಂದು, ಊಟದ ಹೊತ್ತಿಗೆ ನನ್ನ ತಟ್ಟೆಯ ಪಕ್ಕ ಇಟ್ಟಿದ್ದೆ. "ಏನೋ ಇದು? ಪೊಲೀಸರು ಆಳೋರ ಕೈಗೋಲು ಅಂತ ಬರ್ದಿದ್ದೀಯ. ಹಂಗಾದ್ರೆ ನೀನ್ ತಿಂತಿರೋ ಮುದ್ದೆ ಯಾವ ಕೋಲಿಂದಪ್ಪ?" ಅಮ್ಮ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ನಾನು ಅರ್ಧ ಮುದ್ದೆ ಬಿಟ್ಟು ಎದ್ದೆ. ಆಗ ನನ್ನ ತಲೆಯ ತುಂಬ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದ ಸಣ್ಣ ಸಣ್ಣ ಪುಸ್ತಿಕೆಗಳು. ಜಗತ್ತಿನ ಪ್ರತಿ ಅನ್ಯಾಯಕ್ಕೂ ಅವುಗಳಲ್ಲಿ ಕಾರಣವಿತ್ತು. ನಿನ್ನಂಥ ಒಬ್ಬ ದಫೇದಾರನಿಗೆ ಮಾತ್ರ ಎಲ್ಲೂ ಜಾಗವಿರಲಿಲ್ಲ.

ರೀಲರುಗಳು ರಸ್ತೆ ತಡೆದ ಆ ದಿನ ನಿನಗೆ ನೆನಪಿದೆಯೇ? ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರೆಲ್ಲ ಕೆಲಸ ನಿಲ್ಲಿಸಿ ಮಾರುಕಟ್ಟೆಯ ಮುಂದೆ ಸೇರಿದ್ದರು. ಗುಂಪಿನಲ್ಲಿ ನಾನೂ ಘೋಷಣೆ ಕೂಗುತ್ತಿದ್ದೆ. ಎದುರಿಗೆ ನಿನ್ನ ಹನ್ನೆರಡು ಜನ, ಲಾಠಿ ಹಿಡಿದು. ನೀನು ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಬಂದು ಕೂಗಿದೆ: "ಕೂತ್ಕೊಳ್ರಪ್ಪಾ, ಎಲ್ಲಾ ಕೂತ್ಕೊಳ್ಳಿ! ಕೂತೋನ್ ಮೈಮೇಲೆ ಕೋಲು ಬಿದ್ರೆ ಈ ಬೆಲ್ಟ್ ಬಿಚ್ಚಿ ನಿಮ್ ಕೈಗೇ ಕೊಡ್ತೀನಿ." ಮೊದಲು ಕೂತವರು ರೀಲರುಗಳಲ್ಲೇ ಹಿರಿಯರಾದ ಪಾಷಾ ಸಾಬರು. ಆಮೇಲೆ ಇಡೀ ರಸ್ತೆ ಕೂತಿತು. ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಬ್ಬಿಸಿ ವ್ಯಾನಿಗೆ ಹತ್ತಿಸಿದಿರಿ. ಸಾಬರ ಸರದಿ ಬಂದಾಗ "ಮೆಲ್ಲಗೆ ಎತ್ರಯ್ಯಾ, ಮೊನ್ನೆ ತಾನೇ ಮೊಮ್ಮಗಳ ಮದುವೇಲಿ ಬಿರಿಯಾನಿ ಬಡ್ಸಿದಾರೆ" ಎಂದೆ ನೀನು. ವ್ಯಾನಿನೊಳಗಿದ್ದವರೂ ನಕ್ಕರು.

ಅಂದಿನಿಂದ ನಮ್ಮೂರಿನಲ್ಲಿ ಅದೇ ಕಟ್ಟಳೆಯಾಯಿತು. ಪೊಲೀಸರು ಮುಂದೆ ಬಂದರೆ ಕೂರಬೇಕು, ಕೂತವರನ್ನು ಹೊಡೆಯಬಾರದು. ಎಲ್ಲೂ ಬರೆದಿಟ್ಟದ್ದಲ್ಲ. ಆದರೂ ಗೂಡು ಮಾರಲು ಬರುವ ಸಾದಲಿ, ದಿಬ್ಬೂರಹಳ್ಳಿಯ ರೈತರಿಗೂ ಗೊತ್ತಿತ್ತು. ನಾನೇನು ಮಾಡಿದೆ? ಇದು ಹೋರಾಟದ ಬೆನ್ನುಮೂಳೆ ಮುರಿಯುವ ಉಪಾಯ, ಯಾರೂ ಕೂರಬೇಡಿ, ನಿಲ್ಲಿ ಎಂದು ಇನ್ನೊಂದು ಕರಪತ್ರ ಬರೆದೆ. ಅದನ್ನೂ ನೀನು ಓದಿದೆ. ಆ ಸಲ ಮಡಿಚಿ ಜೇಬಿಗೆ ಹಾಕಿಕೊಂಡೆ. ಬೈದಿದ್ದರೆ ನಾನಾದರೂ...

ನೀನು ಗೌರಿಬಿದನೂರಿನ ಬಂದೋಬಸ್ತಿಗೆ ಹೋದವನು ಎದೆ ಹಿಡಿದುಕೊಂಡು ಕುಸಿದೆ. ಬದುಕಿ ಮನೆಗೆ ಬರಲಿಲ್ಲ. ಅಪ್ಪನ ಬದಲು ಮಗನಿಗೆ ಕೆಲಸ ಕೊಡುತ್ತೇವೆ ಎಂದರು. ಸತ್ತವನ ಹೆಸರಿನಲ್ಲಿ ಖಾಕಿ ತೊಡುವುದಿಲ್ಲ ಎಂದೆ. ಮಾರನೆಯ ವರ್ಷ ಎಲ್ಲರ ಹಾಗೆ ಅರ್ಜಿ ಹಾಕಿದೆ. ಹೌದು ಅಪ್ಪ, ನಾನೇ. ಗೋಡೆಗೆ ಅಂಟಿಸಿದ ಕಾಗದದಿಂದ ಪೊಲೀಸರು ಬದಲಾಗುವುದಿಲ್ಲ, ಒಳಗೆ ಹೋಗಿ ಬದಲಾಯಿಸುತ್ತೇನೆ ಎಂದು ಗೆಳೆಯರಿಗೆ ಹೇಳಿದೆ. ನೀನು ಕೇಳಿದ್ದರೆ ನಗುತ್ತಿದ್ದೆಯಾ?

ಕೋಲಾರದ ಕವಾಯತು ಮೈದಾನದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಎತ್ತರ ಅಳೆದರು, ಎದೆ ಅಳೆದರು, ಉಸಿರು ಎಳೆದುಕೊಳ್ಳಲು ಹೇಳಿ ಮತ್ತೆ ಅಳೆದರು. ಓಡಿಸಿದರು. ನಾನು ಮೂರನೆಯವನಾಗಿ ಬಂದೆ. ಕೊನೆಗೆ ಮೇಜಿನ ಆಚೆ ಕೂತ ಸಾಹೇಬರು ಆಟ ಯಾವುದು ಆಡುತ್ತೀಯ, ತಂದೆ ಏನಾಗಿದ್ದರು ಎಂದು ಕೇಳಿದರು. ಸಿಟ್ಟು ಬಂದಾಗ ಏನು ಮಾಡುತ್ತೀಯ, ಹೆದರಿದಾಗ ನಿನ್ನ ಕೈ ಎಲ್ಲಿ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಕೋಲನ್ನು ಯಾರ ಕೈಗೆ ಕೊಡುತ್ತಿದ್ದೇವೆ ಎನ್ನುವುದು ಎದೆಯ ಅಳತೆಯಲ್ಲಿ ಗೊತ್ತಾಗುತ್ತದೆಯೇ? ಹೊರಗೇ ಇದ್ದಿದ್ದರೆ ಇದನ್ನು ಕರಪತ್ರದಲ್ಲಿ ಬರೆಯುತ್ತಿದ್ದೆ. ಆಯ್ಕೆಯ ಪಟ್ಟಿಯಲ್ಲಿ ಹೆಸರು ನೋಡಿದ ಮೇಲೆ ಸುಮ್ಮನಾದೆ.

ತರಬೇತಿಯಲ್ಲಿ ನಮಗೆ ಹೆಲ್ಮೆಟ್ಟು, ಬೆತ್ತದ ಗುರಾಣಿ ಕೊಟ್ಟು ಹೊಸ ಪದ್ಧತಿ ಕಲಿಸಿದರು. ಸಾಲು ಒಡೆಯಬಾರದು, ಸೀಟಿ ಊದಿದರೆ ಮುಂದೆ ಹೋಗಬೇಕು, ಗುಂಪಿನ ಜೊತೆ ಮಾತಾಡಬಾರದು. "ಮಾತಿಗೆ ನಿಂತೋನೇ ಮೊದ್ಲು ಏಟು ತಿನ್ನೋದು" ಎನ್ನುತ್ತಿದ್ದರು ನಮ್ಮ ಉಸ್ತಾದರು. ಹುಲ್ಲು ತುಂಬಿದ ಗೋಣಿಯ ಮನುಷ್ಯರನ್ನು ಕಂಬಕ್ಕೆ ಕಟ್ಟಿರುತ್ತಿದ್ದರು. ಮಂಡಿಯ ಕೆಳಗೆ ಹೊಡೆಯಬೇಕು, ತಲೆಗೆ ಹೊಡೆಯಬಾರದು. ಅದು ಒಳ್ಳೆಯ ನಿಯಮ, ನಾನು ಒಪ್ಪಿದೆ. ಬೆಳಗ್ಗೆ ಬೆಳಗ್ಗೆ ನೂರು ಸಲ ಹೊಡೆದೆ. ಕಣ್ಣು ಮುಚ್ಚಿದರೂ ಕೈ ತಾನಾಗಿ ಮಂಡಿಯ ಎತ್ತರಕ್ಕೆ ಹೋಗುತ್ತಿತ್ತು. ಆ ಗೋಣಿಯ ಮನುಷ್ಯರೆಲ್ಲ ನಿಂತೇ ಇರುತ್ತಿದ್ದರು ಎಂಬುದು ನನಗೆ ಹೊಳೆಯಲೇ ಇಲ್ಲ. ಯಾರೂ ಕೂತ ಮನುಷ್ಯನನ್ನು ಕಟ್ಟಿರಲಿಲ್ಲ.

ಹದಿನೈದು ದಿನದ ಕೆಳಗೆ ನಮ್ಮೂರಿನಲ್ಲಿ ಮತ್ತೆ ರೀಲರುಗಳು ರಸ್ತೆಗೆ ಇಳಿದರು. ನೂಲಿನ ಬೆಲೆ ಬಿದ್ದಿತ್ತು. ಈ ಸಲ ನಾನು ಎದುರುಗಡೆಯ ಸಾಲಿನಲ್ಲಿದ್ದೆ. ಪಕ್ಕದಲ್ಲಿ ಚಿಂತಾಮಣಿಯ ನಾರಾಯಣಪ್ಪ. ಎಲ್ಲಿಂದಲೋ ಬಂದ ಕಲ್ಲು ಅವನ ಗುರಾಣಿಗೆ ಬಡಿಯಿತು. ಸೀಟಿ ಊದಿದರು. ಎಚ್ಚರಿಕೆ ಕೊಟ್ಟರೋ ಇಲ್ಲವೋ ನನಗೆ ಕೇಳಿಸಲಿಲ್ಲ. ನಾವು ಓಡಿದೆವು. ಗುಂಪಿನಲ್ಲಿದ್ದ ಹುಡುಗರೆಲ್ಲ ಹಿಂದಕ್ಕೆ ಓಡಿದರು, ಹಳಬರು ಅಲ್ಲಲ್ಲೇ ಕೂತರು. ನನ್ನ ಮುಂದೆ ಪಾಷಾ ಸಾಬರು ಮಂಡಿ ಮಡಚಿ, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ಕೂತರು. ನನ್ನ ಮುಖ ನೋಡಿದರು. ಗುರುತು ಹಿಡಿದರು, ಅಪ್ಪ. ಗುರುತು ಹಿಡಿದದ್ದಕ್ಕೇ ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ.

ನನ್ನ ಕೈ ಮಂಡಿಯ ಎತ್ತರಕ್ಕೆ ಹೋಯಿತು.

ಹೆದರಿದ್ದೆ ಎಂದು ಹೇಳಬಹುದು. ಕೈಗೆ ಅಭ್ಯಾಸವಾಗಿತ್ತು ಎಂದೂ ಹೇಳಬಹುದು. ಎರಡೂ ನಿಜ, ಆದರೆ ಪೂರ್ತಿ ನಿಜವಲ್ಲ. ಅವರು ಕೂತದ್ದನ್ನು ನಾನು ನೋಡಿದೆ. ಎತ್ತಿದ ಕೋಲನ್ನು ಬರಿದೆ ಇಳಿಸಲು ಆ ಕ್ಷಣ ಮನಸ್ಸಾಗಲಿಲ್ಲ. ಅವರ ಬಲಗೈಯ ಮಣಿಕಟ್ಟು ಮುರಿಯಿತು, ಎರಡು ಬೆರಳೂ ಮುರಿದವು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯುವ ಬೆರಳು. ನಮ್ಮ ಜೊತೆಯ ಬೇರೆಯವರಿಗೆ, ದೂರದೂರುಗಳಿಂದ ಬಂದವರಿಗೆ, ಆ ಕಟ್ಟಳೆ ಗೊತ್ತಿರಲಿಲ್ಲ. ನನಗೆ?

ಸಂಜೆಗೆ ವರದಿ ತಯಾರಾಯಿತು. ಗುಂಪು ಚದುರುವಾಗ ಪಾಷಾ ಕಾಲು ಜಾರಿ ಬಿದ್ದು ಗಾಯ ಮಾಡಿಕೊಂಡರಂತೆ. ಕಲ್ಲು ಎಸೆದವರ ಪಟ್ಟಿಯಲ್ಲಿ ಅವರ ಹೆಸರು ಮೊದಲು. ಎಪ್ಪತ್ತರ ಹತ್ತಿರದ ಮುದುಕರ ಮೇಲೆ ಕೇಸು. ನಮ್ಮೆಲ್ಲರ ಹೇಳಿಕೆಗಳೂ ಒಂದೇ ಕೈಬರಹದಲ್ಲಿದ್ದವು, ಸಹಿ ಹಾಕುವುದಷ್ಟೇ ಬಾಕಿ. ನಾನು ಪೆನ್ನು ಹಿಡಿದು ನಿಂತದ್ದನ್ನು ನೋಡಿ ನಾರಾಯಣಪ್ಪ ಮೊಣಕೈಯಿಂದ ತಿವಿದ. "ಊರ್ಕೋ ರಾ, ಸುಮ್ನಿರೋ. ಸಹಿ ಹಾಕಿ ಟೀ ಕುಡಿಯಣ ಬಾ. ಇನ್ನೂ ಪ್ರೊಬೇಷನ್ನು ಮುಗ್ದಿಲ್ಲ, ಮನೆಗೆ ಕಳಿಸ್ತಾರೆ." ಹೊಟ್ಟೆನೋವು ಎಂದು ಹೇಳಿ ಹೊರಗೆ ಬಂದೆ. ಮೂರು ದಿನ ಅದೇ ಹೊಟ್ಟೆನೋವು, ಆಮೇಲೆ ಬೇರೆ ಬೇರೆ ನೆಪ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಈ ಕೆಲಸ ಹೋದರೆ ಕ್ವಾರ್ಟರ್ಸು ಹೋಗುತ್ತದೆ, ನಿನ್ನ ಕಾಲದಲ್ಲಿ ಅವಳು ನೆಟ್ಟ ಕರಿಬೇವಿನ ಗಿಡ ಇರುವ ಸಾಲಿನಲ್ಲೇ ಈಗಲೂ ನಮ್ಮ ಮನೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಕೇಳಿದೆ. "ಅದನ್ನ ನನ್ನ ಕೇಳ್ಬೇಡ ಕಣಪ್ಪ" ಎಂದಳು. "ನಿಮ್ಮಪ್ಪ ಹೊಡೀತಿರ್ಲಿಲ್ಲ." ಮೊರ ತೆಗೆದುಕೊಂಡು ಒಳಗೆ ಹೋದಳು.

ಪಾಷಾ ಸಾಬರ ಮನೆಗೆ ಹೋದಾಗ ಅವರು ಜಗಲಿಯ ಮೇಲೆ ಇದ್ದರು, ಕೈಗೆ ಪ್ಲಾಸ್ಟರು. ನಾನು ಬಾಯಿ ಬಿಡುವ ಮೊದಲೇ ಅವರೇ ಹೇಳಿದರು: "ಬಾರಪ್ಪಾ, ದಫೇದಾರ್ರ ಮಗ. ನಿಮ್ಮಪ್ಪನ ಮಾತು ನಂಬಿ ಕೂತೆ, ಕೈ ಹೋಯ್ತು. ನಿನ್ ಚೀಟಿ ಓದಿ ನಿಂತಿದ್ರೆ ಕಾಲಿಗ್ ಬೀಳ್ತಿತ್ತು, ಕೈ ಉಳೀತಿತ್ತು ನೋಡು." ನಗುತ್ತಲೇ ಹೇಳಿದರು. ಅವರ ಹೆಂಡತಿ ನಗಲಿಲ್ಲ, ನನಗೆ ನೀರು ಕೊಡಲಿಲ್ಲ. ಅದು ಸರಿ.

ಲಾಠಿ ಬೀಸಿದ್ದರ ವಿಚಾರಣೆಗೆ ಚಿಕ್ಕಬಳ್ಳಾಪುರದಿಂದ ಅಧಿಕಾರಿ ಬರುತ್ತಾರೆ, ನಡೆದದ್ದನ್ನು ಹೇಳಿ ಎಂದೆ. ಸಾಬರು ತಲೆ ಆಡಿಸಿದರು. "ಬಿದ್ದೆ ಅಂತ್ಲೇ ಹೇಳ್ತೀನಿ. ಅವ್ರ ಮಗ ಹೊಡ್ದ ಅಂತ ನನ್ ಬಾಯಲ್ಲಿ ಹೆಂಗ್ ಬರುತ್ತೆ?" ಕೇಳಿದೆಯಾ ಅಪ್ಪ? ನೀನು ಹೋಗಿ ಮೂರು ವರ್ಷವಾದರೂ ಆ ಮನುಷ್ಯ ನಿನ್ನ ಮರ್ಯಾದೆ ಕಾಯುತ್ತಿದ್ದಾರೆ, ತಮ್ಮ ಮೇಲೆ ಕೇಸು ಹಾಕಿಸಿಕೊಂಡು. ನಿನ್ನ ಹೆಸರಿನ ನೆರಳಲ್ಲಿ ನಾನು ತಪ್ಪಿಸಿಕೊಳ್ಳುವುದಾದರೆ, ಆ ಹೆಸರಿಗೆ ಇನ್ನೇನು ಉಳಿಯಿತು?

"ನಿಮ್ಮ ಬಾಯಲ್ಲಿ ಬರೋದು ಬೇಡ, ನನ್ನ ಬಾಯಲ್ಲಿ ಬರುತ್ತೆ" ಎಂದೆ. ಸಾಬರು ಪ್ಲಾಸ್ಟರಿನ ಕೈಯಿಂದ ನನ್ನ ಅಂಗಿಯನ್ನು ತೋರಿಸಿದರು. "ಹೇಳೋದಾದ್ರೆ ಪ್ಯಾಂಟು ಶರ್ಟು ಹಾಕ್ಕೊಂಡು ಕಳ್ಳನ ಥರ ಬರ್ಬೇಡ. ಹೊಡೆದಾಗ ಖಾಕೀಲಿದ್ದೆ. ಖಾಕೀಲೇ ಬಾ, ಬೇಟಾ. ನಾನೂ ಬರ್ತೀನಿ."

ನಿನ್ನೆ ಠಾಣೆಯಲ್ಲಿ, ಎಸ್.ಐ. ಸಾಹೇಬರ ಎದುರಿಗೇ, ಆ ಹೇಳಿಕೆಗೆ ಸಹಿ ಹಾಕುವುದಿಲ್ಲ ಎಂದೆ. "ಎಷ್ಟು ದಿನ ಇರ್ತೀಯೋ ನೋಡ್ತೀನಿ" ಎಂದರು. ನಾರಾಯಣಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನನ್ನ ಕೈಯಲ್ಲೇ ಬರೆದ ಹೇಳಿಕೆ ಜೇಬಿನಲ್ಲಿದೆ. ಅದರಲ್ಲಿ ವಾದವಿಲ್ಲ, ಘೋಷಣೆಯಿಲ್ಲ. ಅವರು ಕೂತಿದ್ದರು, ಕೂತದ್ದನ್ನು ನಾನು ನೋಡಿದೆ, ನೋಡಿದ ಮೇಲೂ ಹೊಡೆದೆ. ಅಷ್ಟೇ.

ನಾಳೆ ಹತ್ತು ಗಂಟೆಗೆ ಪ್ರವಾಸಿ ಮಂದಿರದಲ್ಲಿ ವಿಚಾರಣೆ. ಪಾಷಾ ಸಾಬರನ್ನು ಮನೆಯಿಂದ ನಾನೇ ಕರೆದುಕೊಂಡು ಹೋಗುತ್ತೇನೆ, ಮಾರುಕಟ್ಟೆಯ ಮುಂದಿನ ರಸ್ತೆಯಲ್ಲೇ, ಎಲ್ಲರೂ ನೋಡುವ ಹಾಗೆ. ಅಮ್ಮ ಖಾಕಿಯನ್ನು ಇಸ್ತ್ರಿ ಮಾಡಿಟ್ಟಿದ್ದಾಳೆ. ಭುಜದ ಮೇಲಿನ ನಂಬರನ್ನು ನಾನೇ ಉಜ್ಜಿ ಹೊಳಪು ಮಾಡಿದ್ದೇನೆ, ಬರೆದುಕೊಳ್ಳುವವರಿಗೆ ಸರಿಯಾಗಿ ಕಾಣಲಿ ಎಂದು.