ಅಪ್ಪಣೆಯ ಮೇಲೆ ಬಂದವನು

ಬರ್ನ್, ನವೆಂಬರ್ ೧೨, ಗುರುವಾರ

ನಾನು ಕೆಲಸ ಮಾಡುವ ವೃದ್ಧಾಶ್ರಮಕ್ಕೆ ಕೊರೊನಾ ಸೋಂಕು ಹೊಕ್ಕದ್ದೇ ತಡ, ನಮ್ಮ ಸ್ವಯಂಸೇವಕರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಈಗ ಸರ್ಕಾರ ಕಡ್ಡಾಯ ಸೇವೆಗೆ ಕರೆಸಿದವರು ಬರುತ್ತಿದ್ದಾರೆ. ಬಲವಂತದ ಸೇವೆಯಲ್ಲಿ ಪ್ರೀತಿ ಎಲ್ಲಿಂದ ಬರಬೇಕು ಎಂದು ವಾದಿಸುವವಳು ನಾನು.

ಹಾಗೆ ಬಂದವರಲ್ಲೊಬ್ಬ, ಬ್ಯಾಂಕಿನ ಗುಮಾಸ್ತ ರೆಟೊ, "ಆರ್ಡರ್ ಬಂತು, ಬಂದೆ" ಎನ್ನುತ್ತಾನೆ. ಇವತ್ತು ಮುಖ ಗಂಟಿಕ್ಕಿಕೊಂಡೇ ಲೀಸ್ಬೆತ್ ಅಜ್ಜಿಗೆ ಜಡೆ ಹೆಣೆದ. ಸೊಟ್ಟ ಜಡೆ. ಅಜ್ಜಿ ಮತ್ತೆ ಮತ್ತೆ ಬಿಚ್ಚಿಸಿದರು.

"ಪಾಪ, ಅವನನ್ನ ಯಾಕಜ್ಜಿ ಗೋಳು ಹೊಯ್ಕೋತೀರಿ?" ಎಂದೆ.

"ಮೊದಲು ಬರ್ತಿದ್ದೋರು ಸೊಟ್ಟಗೆ ಹೆಣೆದ್ರೂ ಚೆನ್ನಾಗಿದೆ ಅಂತಿದ್ದೆ ಕಣಮ್ಮ. ಅವರದ್ದು ಉಪಕಾರ, ಬಾಯಿ ಮುಚ್ಕೊಂಡಿರಬೇಕು. ಇವನನ್ನ ದೇಶ ಕಳಿಸಿರೋದು. ನಾನೂ ದೇಶಾನೇ ಅಲ್ವಾ?"

ರೆಟೊ ಮತ್ತೆ ಬಾಚಣಿಗೆ ಎತ್ತಿಕೊಂಡ.

ನನ್ನ ವಾದ ಏನಾಯಿತೋ ತಿಳಿಯದು, ಕಣ್ಣೆಳೆಯುತ್ತಿದೆ. ಅಜ್ಜಿ ಮಲಗಿದ್ದಾರೆ. ಜಡೆ ನೆಟ್ಟಗಿದೆ.